ನಿಮಗಿದು ಗೊತ್ತೆ? ಡೋರ್ನಹಳ್ಳಿಯಿಂದ ತಲಕಾಡಿಗೆ
ಕೆ.ಆರ್. ನಗರದ ಬಳಿಯ ಡೋರ್ನಹಳ್ಳಿಯಲ್ಲಿ ಸಂತ ಅಂತೋಣಿಯವರ ಬಸಿಲಿಕಾ ಇದೆ. ಹೊಲ ಉಳುತ್ತಿದ್ದ ರೈತನೊಬ್ಬನಿಗೆ ನೇಗಿಲ ಸಾಲಿನಲ್ಲಿ ಮರದ ಪ್ರತಿಮೆ ಸಿಕ್ಕಿತು, ಬೊಂಬೆಯೆಂದು ಮಕ್ಕಳಿಗೆ ಕೊಟ್ಟ, ಆಮೇಲೆ ಸಂತರು ಸನ್ಯಾಸಿಯ ರೂಪದಲ್ಲಿ ಕನಸಿಗೆ ಬಂದರು ಎಂಬುದು ಇಲ್ಲಿನ ನಂಬಿಕೆ. ಜೂನ್ 13ರ ಹಬ್ಬಕ್ಕೆ ಎಲ್ಲ ಧರ್ಮದವರೂ ಬರುತ್ತಾರೆ. 2019ರಲ್ಲಿ ಈ ಚರ್ಚಿಗೆ ಬಸಿಲಿಕಾ ಪದವಿ ದೊರೆಯಿತು.

ಡೋರ್ನಹಳ್ಳಿಗೆ ತಂಡ ಕಟ್ಟಿಕೊಂಡು ಬರುವ ಯಾತ್ರಿಕರು ಮೈಸೂರಿನ ಸಂತ ಫಿಲೋಮಿನಾ ಚರ್ಚ್ ನೋಡಿ ಅಲ್ಲಿಗೇ ಮರಳಬಾರದು. ಇನ್ನೊಂದು ದಿನವನ್ನು ತಿ. ನರಸೀಪುರ ತಾಲ್ಲೂಕಿಗೆ ಮೀಸಲಿಡಲೇಬೇಕು. ತಲಕಾಡಿನಲ್ಲಿ ಸಮುದ್ರವಿಲ್ಲದೆಯೂ ಮರಳ ದಿಬ್ಬಗಳಿವೆ! ಕಾವೇರಿಯ ತಿರುವಿನಲ್ಲಿ ಶೇಖರವಾದ ಮರಳನ್ನು ಗಾಳಿ ಊರಿನ ಮೇಲೆ ಸುರಿಯಿತು. ನದಿಯ ಮೇಲ್ಗಡೆಯ ಮಾಧವಮಂತ್ರಿ ಅಣೆಕಟ್ಟೆಯಿಂದ ಪಾತ್ರ ಬತ್ತಿದ್ದೂ ಕಾರಣವೆನ್ನುತ್ತಾರೆ ಸಂಶೋಧಕರು. ಹೀಗೆ ಮರಳಿನಡಿ ಹೂತಿದ್ದ ಪಾತಾಳೇಶ್ವರನ ಗುಡಿಗೆ ಇಂದಿಗೂ ಮೆಟ್ಟಿಲಿಳಿದೇ ಹೋಗಬೇಕು. ಅದೇ ತಾಲ್ಲೂಕಿನ ಸೋಮನಾಥಪುರದಲ್ಲಿ ಹೊಯ್ಸಳ ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇಗುಲವಿದೆ, 2023ರಿಂದ ಅದು ವಿಶ್ವ ಪರಂಪರೆಯ ತಾಣ. ಹೊರಗೋಡೆಯ ಮೂರ್ತಿಗಳ ಪೀಠವನ್ನು ಬಗ್ಗಿ ನೋಡಿ: ಶಿಲ್ಪಿ ಮಲ್ಲಿತಮ್ಮನ ಹೆಸರು ಕಾಣುತ್ತದೆ. ನಂಜನಗೂಡಿನ ಕಡೆ ಹೊರಟರೆ ಕಪಿಲಾ ನದಿಯ ಮೇಲೆ 1735ರ ಸೇತುವೆ ಸಿಗುತ್ತದೆ. ಒಂದು ಕಾಲಕ್ಕೆ ಅದರ ಮೇಲೆ ರೈಲೂ ಓಡುತ್ತಿತ್ತು.