ಲೆಕ್ಕ ಬಲ್ಲ ಮಕ್ಕಳಿಗೆ ಸಾಲದ ಪಾಠವೂ ಬೇಕು

ಕಳೆದ ಮಳೆಗಾಲದಲ್ಲಿ ಬೀಡಿ ಕಟ್ಟಿ ಸಂಸಾರ ನಡೆಸುವ ತಾಯಿಯೊಬ್ಬರು ಸಾಲದ ಕಾರ್ಡೊಂದನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬಂದಿದ್ದರು. ಶಾಲೆ ಆರಂಭದ ಖರ್ಚಿಗೆಂದು ಖಾಸಗಿಯವರೊಬ್ಬರಿಂದ 12,000 ರೂ. ಪಡೆದಿದ್ದರು. ತಿಂಗಳಿಗೆ 1,120 ರೂ.ನಂತೆ 12 ಕಂತು. "ಬಡ್ಡಿ ಹೆಚ್ಚೇನಿಲ್ಲ ಫಾದರ್, ನೂರಕ್ಕೆ ಹನ್ನೆರಡೇ. ಆದರೆ ಈ ಕಂತು ಕಟ್ಟಲು ಇನ್ನೊಂದು ಕಡೆ ಸಾಲ ಮಾಡಬೇಕಾಯಿತು" ಎಂದರು. ಜೊತೆಯಲ್ಲಿ ಹತ್ತನೇ ತರಗತಿಯ ಮಗಳಿದ್ದಳು. ಗಣಿತದಲ್ಲಿ ಒಳ್ಳೆಯ ಅಂಕ ಪಡೆಯುವ ಹುಡುಗಿ. ಬಡ್ಡಿ ನಿಜವಾಗಿ ಶೇ. 12 ಹೌದೇ ಎಂದು ನಾವು ಕೇಳಿದೆವು. ಅವಳು ಕೂಡಲೇ ಲೆಕ್ಕ ಹಾಕಿ, "ಒಟ್ಟು ಬಡ್ಡಿ 1,440. ಹನ್ನೆರಡು ಸಾವಿರಕ್ಕೆ ಶೇ. 12 ಸರಿಯಾಗಿದೆ" ಎಂದಳು.

ಗುಣಾಕಾರ ತಪ್ಪಿರಲಿಲ್ಲ. ಆದರೆ ಉತ್ತರ ತಪ್ಪಾಗಿತ್ತು.

ತಪ್ಪಿದ್ದು ಎಲ್ಲಿ?

ತಾಯಿ ಪ್ರತಿ ತಿಂಗಳು ಕಟ್ಟುವ 1,120 ರೂ.ಗಳಲ್ಲಿ 1,000 ರೂ. ಅಸಲು, 120 ರೂ. ಬಡ್ಡಿ. ಮೊದಲ ತಿಂಗಳು 12,000 ರೂ. ಅವರ ಕೈಯಲ್ಲಿತ್ತು. ಎರಡನೇ ತಿಂಗಳು ಉಳಿದದ್ದು 11,000 ಮಾತ್ರ. ಮೂರನೇ ತಿಂಗಳು 10,000. ಕೊನೆಯ ತಿಂಗಳು ಬಾಕಿ ಇರುವುದು ಬರೀ 1,000 ರೂ. ಆದರೂ ಬಡ್ಡಿ ಮಾತ್ರ ಅದೇ 120 ರೂ. ಅಂದರೆ ಆ ಒಂದು ತಿಂಗಳಿಗೇ ಶೇ. 12!

ಬಾಕಿ ಉಳಿದ ಅಸಲಿಗೆ ಮಾತ್ರ ತಿಂಗಳಿಗೆ ಶೇ. 1ರಂತೆ ಬಡ್ಡಿ ಹಾಕಿದ್ದರೆ ಒಟ್ಟು ಬಡ್ಡಿ 780 ರೂ. ಆಗುತ್ತಿತ್ತು. ಇಲ್ಲಿ 660 ರೂ. ಹೆಚ್ಚು ಹೋಗಿದೆ. ನಿಜವಾದ ವಾರ್ಷಿಕ ಬಡ್ಡಿ ದರ ಶೇ. 21ನ್ನೂ ಮೀರುತ್ತದೆ. ಮೊದಲನೆಯದಕ್ಕೆ ಫ್ಲ್ಯಾಟ್ ದರ ಎನ್ನುತ್ತಾರೆ, ಎರಡನೆಯದಕ್ಕೆ ಇಳಿಯುವ ಬಾಕಿಯ ಮೇಲಿನ ದರ. ಇಷ್ಟನ್ನು ಕಾಗದದ ಮೇಲೆ ಬರೆದು ತೋರಿಸಲು ಹತ್ತು ನಿಮಿಷ ಸಾಕಾಯಿತು. ಹುಡುಗಿ ಕಾಗದವನ್ನೇ ನೋಡುತ್ತಾ, "ಇದನ್ನು ನಮಗೆ ಶಾಲೆಯಲ್ಲಿ ಯಾಕೆ ಹೇಳಿಕೊಡಲಿಲ್ಲ ಫಾದರ್?" ಎಂದು ಕೇಳಿದಳು. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಬ್ಯಾಂಕುಗಳ ತವರಿನಲ್ಲಿ

ನಮ್ಮ ಕರಾವಳಿ ಬ್ಯಾಂಕುಗಳ ತವರು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿದವು. 1912ರಲ್ಲಿ ಮಂಗಳೂರು ಕ್ಯಾಥೊಲಿಕ್ ಸಹಕಾರಿ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಮುಂದೆ ಸಿಂಡಿಕೇಟ್ ಎಂದು ಹೆಸರಾದ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಆರಂಭವಾದವು. ಸಿಂಡಿಕೇಟ್‌ನವರು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ಏಜೆಂಟರು ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯನ್ನೂ ಸಂಗ್ರಹಿಸುತ್ತಿದ್ದರು. ಅಕ್ಷರ ಬಾರದವರಿಗೂ ಉಳಿತಾಯದ ಪಾಠ ಹೀಗೆ ಅಂಗಳದಲ್ಲೇ ಆಗುತ್ತಿತ್ತು.

ಇವುಗಳಲ್ಲಿ ವಿಜಯಾ ಬ್ಯಾಂಕ್ 2019ರಲ್ಲಿ, ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳೊಂದಿಗೆ ವಿಲೀನಗೊಂಡವು. ಹಣದ ವ್ಯವಹಾರ ಈಗ ಮೊಬೈಲಿಗೆ ಬಂದಿದೆ. ಸಾಲವೂ ಮೊಬೈಲಿನಲ್ಲೇ, ಮೋಸವೂ ಮೊಬೈಲಿನಲ್ಲೇ. ಪರಿಚಯದ ಏಜೆಂಟರಿದ್ದ ಜಾಗದಲ್ಲಿ ಮುಖವೇ ಕಾಣದವರಿದ್ದಾರೆ. ರಾಷ್ಟ್ರೀಯ ಹಣಕಾಸು ಶಿಕ್ಷಣ ಕೇಂದ್ರದ 2019ರ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಹಣಕಾಸು ಸಾಕ್ಷರರು ಶೇ. 27 ಮಾತ್ರ. ಮನೆಯವರಿಗೇ ತಿಳಿಯದ್ದನ್ನು ಮಕ್ಕಳು ಮನೆಯಲ್ಲಿ ಕಲಿಯುವುದು ಹೇಗೆ?

ಪುಸ್ತಕದಲ್ಲಿ ಏನೂ ಇಲ್ಲವೇ?

ಇಲ್ಲವೆಂದರೆ ತಪ್ಪಾದೀತು. ರಾಜ್ಯದ ಪ್ರೌಢಶಾಲಾ ಸಮಾಜ ವಿಜ್ಞಾನದಲ್ಲಿ ಅರ್ಥಶಾಸ್ತ್ರವೂ ಇದೆ, ವ್ಯವಹಾರ ಅಧ್ಯಯನವೂ ಇದೆ. ಬ್ಯಾಂಕ್ ವ್ಯವಹಾರ, ಗ್ರಾಹಕ ಶಿಕ್ಷಣದಂಥ ಪಾಠಗಳಿವೆ. ಆರರಿಂದ ಹತ್ತನೇ ತರಗತಿಯವರೆಗಿನ ಮಕ್ಕಳಿಗಾಗಿ ರಾಷ್ಟ್ರೀಯ ಹಣಕಾಸು ಶಿಕ್ಷಣ ಕೇಂದ್ರವು ಅಭ್ಯಾಸ ಪುಸ್ತಕಗಳನ್ನು ಸಿದ್ಧಪಡಿಸಿದೆ. ಈ ಕೇಂದ್ರವನ್ನು ಸ್ಥಾಪಿಸಿದವರು ರಿಸರ್ವ್ ಬ್ಯಾಂಕ್, ಸೆಬಿ ಮತ್ತು ವಿಮೆ, ಪಿಂಚಣಿ ಕ್ಷೇತ್ರಗಳ ನಿಯಂತ್ರಣ ಪ್ರಾಧಿಕಾರಗಳು.

ಕೊರತೆ ಇರುವುದು ಕಲಿಸುವ ರೀತಿಯಲ್ಲಿ. ಚಾಲ್ತಿ ಖಾತೆಗೂ ಉಳಿತಾಯ ಖಾತೆಗೂ ಇರುವ ವ್ಯತ್ಯಾಸವನ್ನು ಎರಡು ಅಂಕಕ್ಕಾಗಿ ಬಾಯಿಪಾಠ ಮಾಡಿದ ಮಗು ಬ್ಯಾಂಕಿನ ಚಲನ್ ತುಂಬಲಾರದು. ಗಣಿತದ ಚಕ್ರಬಡ್ಡಿ ಗಣಿತದಲ್ಲೇ ಉಳಿಯುತ್ತದೆ, ಸಮಾಜ ವಿಜ್ಞಾನದ ಬ್ಯಾಂಕ್ ಪಾಠ ಅಲ್ಲೇ ಉಳಿಯುತ್ತದೆ. ಇವೆರಡೂ ಸೇರಬೇಕಾದ ಜಾಗ ಮನೆಯ ಸಾಲದ ಕಾರ್ಡು.

ಯಾವ ವಯಸ್ಸಿಗೆ ಏನು?

ಕಿರಿಯ ಪ್ರಾಥಮಿಕದ ಮಕ್ಕಳಿಗೆ ಬೇಕಾದದ್ದಕ್ಕೂ ಆಸೆಯಾದದ್ದಕ್ಕೂ ಇರುವ ವ್ಯತ್ಯಾಸ ತಿಳಿದರೆ ಸಾಕು. ಅಂಗಡಿಗೆ ಕಳುಹಿಸಿ ಚಿಲ್ಲರೆ ಲೆಕ್ಕ ಕೇಳುವುದೇ ಒಳ್ಳೆಯ ಪಾಠ.

ಐದರಿಂದ ಏಳನೇ ತರಗತಿಯವರು ಖಾತೆ ತೆರೆಯಬಹುದು. 10 ವರ್ಷ ತುಂಬಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಲು ಬ್ಯಾಂಕುಗಳು ಅವಕಾಶ ನೀಡಬಹುದು. ಮೊತ್ತದ ಮಿತಿಯನ್ನು ಆಯಾ ಬ್ಯಾಂಕ್ ನಿರ್ಧರಿಸುತ್ತದೆ. ಹಿಂದೆ ಶಾಲೆಗಳಲ್ಲಿ ಸಂಚಯಿಕಾ ಉಳಿತಾಯವಿದ್ದದ್ದು ಹಿರಿಯರಿಗೆ ನೆನಪಿರಬಹುದು.

ಎಂಟರಿಂದ ಹತ್ತನೇ ತರಗತಿಯಲ್ಲಿ ಬಡ್ಡಿ, ಸಾಲ, ವಿಮೆ ಮತ್ತು ಮೋಸದ ಪಾಠ ಆಗಲೇಬೇಕು. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಎಂದರೆ ವರ್ಷಕ್ಕೆ ಶೇ. 24. ಬಡ್ಡಿ ಕಟ್ಟದೆ ಬಿಟ್ಟು ಅದು ಅಸಲಿಗೆ ಸೇರುತ್ತಾ ಹೋದರೆ ಸಾಲ ಮೂರೇ ವರ್ಷದಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. 72ನ್ನು ವಾರ್ಷಿಕ ದರದಿಂದ ಭಾಗಿಸಿದರೆ ಇಮ್ಮಡಿಯಾಗುವ ವರ್ಷಗಳು ಅಂದಾಜಾಗಿ ಸಿಗುತ್ತವೆ. ಬ್ಯಾಂಕುಗಳೂ ಹಣಕಾಸು ಕಂಪೆನಿಗಳೂ ಸಾಲ ಕೊಡುವಾಗ ನಿಜವಾದ ವಾರ್ಷಿಕ ದರವನ್ನು ತಿಳಿಸುವ ಮುಖ್ಯಾಂಶಗಳ ಪತ್ರ ನೀಡಬೇಕೆಂಬ ನಿಯಮ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದನ್ನು ಕೇಳಿ ಪಡೆಯುವ ಧೈರ್ಯ ಬೇಕು.

ಠೇವಣಿಯ ವಿಷಯವೂ ಹೀಗೆಯೇ. ಬ್ಯಾಂಕ್ ಮುಳುಗಿದರೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷ ರೂ. ತನಕ ವಿಮೆಯಿದೆ. 2020ರ ಫೆಬ್ರವರಿಗಿಂತ ಮೊದಲು ಇದು 1 ಲಕ್ಷವಿತ್ತು. ಸಹಕಾರಿ ಬ್ಯಾಂಕುಗಳಿಗೆ ಈ ವಿಮೆ ಅನ್ವಯಿಸುತ್ತದೆ, ಸಹಕಾರಿ ಸಂಘಗಳಿಗೆ ಇಲ್ಲ. ಎರಡು ಬೋರ್ಡುಗಳೂ ಒಂದೇ ರೀತಿ ಕಂಡರೂ ಭದ್ರತೆ ಒಂದೇ ಅಲ್ಲ. ಊರೂರಲ್ಲಿ ನಡೆಯುವ ಲಕ್ಕಿ ಸ್ಕೀಮುಗಳ ಬಗ್ಗೆ ಹೇಳುವಾಗ, ಬಹುಮಾನ ಚೀಟಿಗಳನ್ನು 1978ರ ಕೇಂದ್ರ ಕಾಯಿದೆಯೇ ನಿಷೇಧಿಸಿದೆ ಎಂಬುದನ್ನೂ ತಿಳಿಸಬೇಕು.

ಪಿಯುಸಿ ಮತ್ತು ಕಾಲೇಜಿನವರಿಗೆ ಎರಡು ಎಚ್ಚರಿಕೆ ಅಗತ್ಯ. ಕಮಿಷನ್ ಆಸೆಗೆ ತಮ್ಮ ಬ್ಯಾಂಕ್ ಖಾತೆಯನ್ನು ಇನ್ನೊಬ್ಬರಿಗೆ ಬಳಸಲು ಕೊಟ್ಟವರು ವಂಚನೆಯ ಪ್ರಕರಣದಲ್ಲಿ ಸಿಕ್ಕಿಬೀಳುತ್ತಾರೆ. ಇನ್ನು ಷೇರುಪೇಟೆಯ ಫ್ಯೂಚರ್ಸ್, ಆಪ್ಶನ್ಸ್ ವ್ಯವಹಾರದಲ್ಲಿ 2022ರಿಂದ 2024ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ಶೇ. 93ರಷ್ಟು ಸಾಮಾನ್ಯ ಹೂಡಿಕೆದಾರರು ನಷ್ಟ ಅನುಭವಿಸಿದ್ದಾರೆಂದು ಸೆಬಿಯೇ ತಿಳಿಸಿದೆ. ಮೊಬೈಲಿನಲ್ಲಿ ಲಾಭ ತೋರಿಸುವವರು ಈ ಸಂಖ್ಯೆ ಹೇಳುವುದಿಲ್ಲ.

ಕಲಿಸುವವರು ಯಾರು?

ಹೊಸ ವಿಷಯ, ಹೊಸ ಪರೀಕ್ಷೆ ಎಂದರೆ ಶಿಕ್ಷಕರು ಬೇಸರಿಸುವುದು ಸಹಜ. ಅದರ ಅಗತ್ಯವಿಲ್ಲ. ತಿಂಗಳಿಗೆ ಒಂದು ಅವಧಿ ಸಾಕು. ನಮ್ಮ ಚರ್ಚ್‌ಗಳಲ್ಲಿ ನಿವೃತ್ತ ಬ್ಯಾಂಕ್ ನೌಕರರಿಗೆ ಬರವಿಲ್ಲ. ಅವರನ್ನು ಕರೆಯಿರಿ. ಪಾಸ್‌ಬುಕ್, ವಿದ್ಯುತ್ ಬಿಲ್ಲು, ಸಾಲದ ಕಾರ್ಡಿನ ಪ್ರತಿ ಇವೇ ಪಠ್ಯವಾಗಲಿ. ಆದರೆ ಯಾವ ಮಗುವಿಗೂ ತನ್ನ ಮನೆಯ ಸಾಲವನ್ನು ತರಗತಿಯಲ್ಲಿ ಹೇಳುವ ಪ್ರಸಂಗ ಬರಬಾರದು. ಬಡವರ ಮಕ್ಕಳಿಗೆ ಪಾಠ ಅವಮಾನವಾದರೆ ಮಾಡದಿರುವುದೇ ಮೇಲು. ಹಾಗೆಯೇ, ಪಾಠದ ನೆಪದಲ್ಲಿ ಯಾವುದೇ ಕಂಪೆನಿಯ ವಿಮೆ, ಹೂಡಿಕೆ ಮಾರಲು ಶಾಲೆಯೊಳಗೆ ಬಿಡಬಾರದು.

ಒಂದು ಮಾತನ್ನು ಒಪ್ಪಲೇಬೇಕು. ಕೂಲಿ ಸಾಲದ ಮನೆಗೆ ಉಳಿತಾಯದ ಪಾಠ ಹೊಟ್ಟೆ ತುಂಬಿಸದು. ಆಸ್ಪತ್ರೆ ಖರ್ಚು ಬಂದಾಗ ಬುದ್ಧಿವಂತರೂ ಸಾಲ ಮಾಡುತ್ತಾರೆ. ಕಿರುಕುಳ ಕೊಡುವ ಸಾಲಗಾರರ ವಿರುದ್ಧ ಕರ್ನಾಟಕ ಸರಕಾರ 2025ರಲ್ಲಿ ಕಾನೂನು ತಂದದ್ದು ಇದಕ್ಕಾಗಿಯೇ. ಆದರೆ ಕಾನೂನಿನ ಮೊರೆ ಹೋಗುವುದು ಸಂಕಟ ಬಂದ ಮೇಲೆ. ಸಹಿ ಹಾಕುವ ಮುನ್ನ ಕಾಗದ ಓದಬಲ್ಲವರೊಬ್ಬರು ಮನೆಯಲ್ಲಿದ್ದರೆ ಎಷ್ಟೋ ಸಂಕಟ ಹೊಸ್ತಿಲಲ್ಲೇ ನಿಲ್ಲುತ್ತದೆ.

ಶಾಲಾ ಸಂಚಾಲಕರೇ, ಮುಖ್ಯೋಪಾಧ್ಯಾಯರೇ, ಹೆತ್ತವರೇ, ಬರುವ ಶಿಕ್ಷಕ-ರಕ್ಷಕ ಸಭೆಯಲ್ಲಿ ಈ ವಿಷಯ ಎತ್ತೋಣ. ಸೈಬರ್ ವಂಚನೆಯಾದರೆ ಕೂಡಲೇ ಕರೆ ಮಾಡಬೇಕಾದ 1930 ಸಂಖ್ಯೆಯನ್ನು ಶಾಲೆಯ ಫಲಕದ ಮೇಲೆ ಬರೆಸುವುದರಿಂದಲಾದರೂ ಆರಂಭಿಸೋಣ. ಆ ಹುಡುಗಿಯ ಪ್ರಶ್ನೆಗೆ ನಾವು ಅಂದು ಉತ್ತರ ಕೊಡಲಿಲ್ಲ. ಅವಳ ತಂಗಿ, ತಮ್ಮಂದಿರು ಅದೇ ಪ್ರಶ್ನೆ ಕೇಳದ ಹಾಗೆ ಮಾಡುವುದು ನಮ್ಮ ಕೈಯಲ್ಲಿದೆ.