ಉಪಗ್ರಹದ ಮೈಮೇಲೆ ಕಿಡಿ

ಚಳಿಗಾಲದ ಒಣಹವೆಯಲ್ಲಿ ನೈಲಾನ್ ಅಂಗಿ ಕಳಚುವಾಗ ಚಟಚಟ ಸದ್ದಾಗುವುದನ್ನು ನೀವು ಗಮನಿಸಿರಬಹುದು. ಕತ್ತಲೆಯಲ್ಲಾದರೆ ಪುಟ್ಟ ಕಿಡಿಗಳೂ ಕಾಣುತ್ತವೆ. ಇಂಥದೇ ಕಿಡಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಭೂಸ್ಥಿರ ಉಪಗ್ರಹವನ್ನು ಕೆಡಿಸಬಲ್ಲದು. ಅಲ್ಲಿ ಉಜ್ಜುವವರು ಯಾರೂ ಇಲ್ಲ. ಹಾಗಾದರೆ ಆವೇಶ ಬರುವುದು ಎಲ್ಲಿಂದ?

ಆ ಎತ್ತರದಲ್ಲಿರುವುದು ಅತಿ ವಿರಳವಾದ ಪ್ಲಾಸ್ಮಾ, ಅಂದರೆ ಬಿಡಿ ಎಲೆಕ್ಟ್ರಾನ್ ಮತ್ತು ಅಯಾನುಗಳ ಮಿಶ್ರಣ. ಎಲೆಕ್ಟ್ರಾನ್‌ಗಳು ಹಗುರವಾದ್ದರಿಂದ ಅವುಗಳ ವೇಗ ಹೆಚ್ಚು. ಹೀಗಾಗಿ ಉಪಗ್ರಹಕ್ಕೆ ಬಂದು ಬಡಿಯುವ ಎಲೆಕ್ಟ್ರಾನ್‌ಗಳ ಸಂಖ್ಯೆ ಅಯಾನುಗಳಿಗಿಂತ ಬಹಳ ಹೆಚ್ಚಾಗಿದ್ದು, ಮೇಲ್ಮೈ ಋಣಾವೇಶ ಪಡೆಯುತ್ತದೆ. ಭೂಮಿಯ ಕಾಂತಗೋಳದಲ್ಲಿ ಕ್ಷೋಭೆ ಉಂಟಾದಾಗ ಸಾವಿರಾರು ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನ್‌ಗಳು ನುಗ್ಗಿಬರುತ್ತವೆ. 1969ರಲ್ಲಿ ಹಾರಿಸಲಾದ ಅಮೆರಿಕದ ಎಟಿಎಸ್-5 ಉಪಗ್ರಹ ಭೂಮಿಯ ನೆರಳಿನಲ್ಲಿದ್ದಾಗ, ಅದರ ವಿಭವ ಋಣ 10,000 ವೋಲ್ಟ್‌ನಷ್ಟಾದದ್ದುಂಟು.

ವಿಭವ ಹೆಚ್ಚಾದ ಮಾತ್ರಕ್ಕೇ ಅಪಾಯವಿಲ್ಲ. 11,000 ವೋಲ್ಟ್ ತಂತಿಯ ಮೇಲೆ ಕುಳಿತ ಕಾಗೆಗೆ ಏನೂ ಆಗುವುದಿಲ್ಲವಷ್ಟೆ? ಅದರ ಎರಡು ಕಾಲುಗಳ ನಡುವೆ ಹೆಚ್ಚುಕಡಿಮೆ ವಿಭವಾಂತರವೇ ಇರುವುದಿಲ್ಲ. ಉಪಗ್ರಹಕ್ಕೂ ಅಪಾಯ ಬರುವುದು ವಿಭವಾಂತರದಿಂದಲೇ.

ಬಿಸಿಲು ಬೀಳುವ ಭಾಗದಲ್ಲಿ ದ್ಯುತಿವಿದ್ಯುತ್ ಪರಿಣಾಮದಿಂದ ಎಲೆಕ್ಟ್ರಾನ್‌ಗಳು ಹೊರಬೀಳುತ್ತವೆ. ಅಲ್ಲಿ ಋಣಾವೇಶ ಅಷ್ಟಾಗಿ ಶೇಖರವಾಗದು. ನೆರಳಿನ ಭಾಗದಲ್ಲಿ ಅದು ಬೆಳೆಯುತ್ತಲೇ ಹೋಗುತ್ತದೆ. ಮೇಲ್ಮೈ ಪೂರ್ತಿ ಲೋಹವಾಗಿದ್ದರೆ ಆವೇಶ ಹರಿದು ಸಮನಾಗುತ್ತಿತ್ತು. ಆದರೆ ಉಷ್ಣ ನಿಯಂತ್ರಣಕ್ಕಾಗಿ ಹೊದಿಸುವ ಕ್ಯಾಪ್ಟಾನ್, ಟೆಫ್ಲಾನ್ ಹಾಳೆಗಳೂ ಸೌರಕೋಶಗಳ ಮೇಲಿನ ಗಾಜೂ ಅವಾಹಕಗಳು. ಅವುಗಳ ಮೇಲೆ ಬಿದ್ದ ಆವೇಶ ಬಿದ್ದಲ್ಲೇ ಉಳಿಯುತ್ತದೆ. ಪಕ್ಕದ ಭಾಗದೊಡನೆ ವಿಭವಾಂತರ ಮಿತಿಮೀರಿದಾಗ ಕಿಡಿ ಹಾರಿ ವಿಸರ್ಜನೆಯಾಗುತ್ತದೆ. ಆಗ ಹುಟ್ಟುವ ವಿದ್ಯುತ್ ಮಿಡಿತವನ್ನು ಒಳಗಿನ ಮಂಡಲಗಳು ಆಜ್ಞೆಯೆಂದೇ ತಪ್ಪು ತಿಳಿಯಬಹುದು, ಕೆಲವೊಮ್ಮೆ ಸುಟ್ಟೇಹೋಗಬಹುದು.

1973ರಲ್ಲಿ ಅಮೆರಿಕದ ಸೇನೆಯ ಸಂಪರ್ಕ ಉಪಗ್ರಹವೊಂದು ನಿಷ್ಕ್ರಿಯವಾಯಿತು. ಇಂಥ ವಿಸರ್ಜನೆಯೇ ಅದಕ್ಕೆ ಕಾರಣವೆಂದು ತಜ್ಞರು ನಿರ್ಣಯಿಸಿದರು. ಈ ವಿದ್ಯಮಾನದ ಅಧ್ಯಯನಕ್ಕೆಂದೇ 1979ರಲ್ಲಿ ಸ್ಕಾಥಾ ಎಂಬ ಉಪಗ್ರಹವನ್ನು ಹಾರಿಸಲಾಯಿತು.

ಮನೆಯ ಉಪಕರಣವಾದರೆ ನೆಲಕ್ಕೆ ಅರ್ಥಿಂಗ್ ತಂತಿ ಇಳಿಸಬಹುದು. ಉಪಗ್ರಹಕ್ಕೆ ನೆಲವೇ ಇಲ್ಲ! ಅದಕ್ಕೆ ಅದರ ಲೋಹದ ಚೌಕಟ್ಟೇ ನೆಲ. ಹೊರ ಹಾಳೆಗಳಿಗೆ ಇಂಗಾಲ ಬೆರೆಸಿ ಅಲ್ಪಸ್ವಲ್ಪ ವಾಹಕವಾಗಿಸುತ್ತಾರೆ. ಗಾಜಿನ ಮೇಲೆ ಇಂಡಿಯಮ್ ತವರ ಆಕ್ಸೈಡಿನ ತೆಳು ಪಾರದರ್ಶಕ ಲೇಪ ಕೊಡುತ್ತಾರೆ. ಇವೆಲ್ಲವನ್ನೂ ಚೌಕಟ್ಟಿಗೆ ಜೋಡಿಸುತ್ತಾರೆ. ಉಪಗ್ರಹ ಆವೇಶ ಪಡೆಯುವುದು ಇದರಿಂದ ನಿಲ್ಲದು. ಆದರೆ ಅದರ ಭಾಗಗಳೆಲ್ಲ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುವುದರಿಂದ ಕಿಡಿಗೆ ಅವಕಾಶ ಇರುವುದಿಲ್ಲ.