ಸೋಷಿಯಲ್ ಮೀಡಿಯಾಗೆ ದೀರ್ಘ ರಜೆ: ಹೊರಡುವ ಮುನ್ನ

ಪರೀಕ್ಷೆ ಹತ್ತಿರ ಬಂತೆಂದೋ, ನಿದ್ದೆ ಕೆಡುತ್ತಿದೆಯೆಂದೋ, ಸುಮ್ಮನೆ ಸಾಕಾಯಿತೆಂದೋ ಕೆಲವು ತಿಂಗಳು ಸೋಷಿಯಲ್ ಮೀಡಿಯಾ ಬಿಡಲು ಹೊರಟವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ, ಫೋನಿನಿಂದ ಆ್ಯಪ್ ತೆಗೆದುಹಾಕುವುದು. ಅದರಿಂದ ಖಾತೆಗೆ ಏನೂ ಆಗುವುದಿಲ್ಲ. ಪ್ರೊಫೈಲ್ ಮೊದಲಿನಂತೆ ಕಾಣುತ್ತಿರುತ್ತದೆ, ಮೆಸೇಜುಗಳು ಬಂದು ಸೇರುತ್ತಿರುತ್ತವೆ, ಕಳಿಸಿದವರು ಉತ್ತರಕ್ಕೆ ಕಾಯುತ್ತಿರುತ್ತಾರೆ. ನಾಲ್ಕಾರು ದಿನ ಕಳೆದ ಮೇಲೆ ಬ್ರೌಸರ್‌ನಲ್ಲಿ ಒಮ್ಮೆ ಇಣುಕಿದರೆ ರಜೆ ಅಲ್ಲಿಗೇ ಮುಗಿಯಿತು.

ಇದಕ್ಕೆ ಮನಸ್ಸು ಗಟ್ಟಿಯಿಲ್ಲವೆಂದು ಯಾರೂ ತಮ್ಮನ್ನೇ ದೂರಿಕೊಳ್ಳಬಾರದು. ಎಷ್ಟು ಸರಿಸಿದರೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರರೇ ಮುಂದೆ ಅದಕ್ಕಾಗಿ ಬಹಿರಂಗವಾಗಿ ವಿಷಾದಿಸಿದರು. ಪುಟಕ್ಕೆ ಕೊನೆಯಿಲ್ಲದ ಕಡೆ ನಿಲ್ಲಿಸುವ ಏರ್ಪಾಡನ್ನು ನಾವೇ ಮಾಡಿಕೊಳ್ಳಬೇಕು. ಅದಕ್ಕೆ ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂಬುದು ಗೊತ್ತಿರಬೇಕು.

ಫೇಸ್‌ಬುಕ್‌ನಲ್ಲಿ ‘ಡಿಆ್ಯಕ್ಟಿವೇಟ್’ ಮಾಡಿದರೆ ಪ್ರೊಫೈಲ್ ಮರೆಯಾಗುತ್ತದೆ, ಆದರೆ ಫೋಟೊ, ಗೆಳೆಯರ ಪಟ್ಟಿ ಎಲ್ಲವೂ ಉಳಿದಿರುತ್ತವೆ. ಎಷ್ಟು ಕಾಲ ಬೇಕಾದರೂ ಹೀಗೇ ಇಡಬಹುದು. ಮೆಸೆಂಜರ್ ಮಾತ್ರ ನೀವು ಬಯಸಿದರೆ ಚಾಲ್ತಿಯಲ್ಲಿರುತ್ತದೆ. ಹಲವರು ಎಡವುವ ಜಾಗ ಬೇರೆ ಇದೆ: ಇನ್ಯಾವುದೋ ಆ್ಯಪ್‌ಗೆ ‘ಫೇಸ್‌ಬುಕ್ ಮೂಲಕ ಲಾಗಿನ್’ ಆದರೂ ಖಾತೆ ತಾನಾಗಿ ಮತ್ತೆ ಜೀವ ಪಡೆಯುತ್ತದೆ. ಅಂಥ ಆ್ಯಪ್‌ಗಳಿಗೆ ಮೊದಲೇ ಇಮೇಲ್ ಅಥವಾ ಫೋನ್ ನಂಬರಿನ ಲಾಗಿನ್ ಮಾಡಿಕೊಳ್ಳಿ. ಮನೆಯಲ್ಲೇ ಸೀರೆ, ಉಪ್ಪಿನಕಾಯಿ ಮಾರಲು ಪೇಜ್ ನಡೆಸುವವರು ಇನ್ನೂ ಒಂದು ಕೆಲಸ ಮರೆಯಬಾರದು. ಪೇಜಿಗೆ ನೀವೊಬ್ಬರೇ ಅಡ್ಮಿನ್ ಆಗಿದ್ದರೆ ನಿಮ್ಮ ಜೊತೆ ಅದೂ ಮರೆಯಾಗುತ್ತದೆ. ನಂಬಿಕಸ್ಥರೊಬ್ಬರನ್ನು ಅಡ್ಮಿನ್ ಮಾಡಿಯೇ ಹೊರಡಿ.

ಇನ್‌ಸ್ಟಾಗ್ರಾಂ ಕೂಡ ಹೆಚ್ಚುಕಮ್ಮಿ ಹೀಗೆಯೇ, ಆದರೆ ವಾರಕ್ಕೆ ಒಮ್ಮೆ ಮಾತ್ರ ಡಿಆ್ಯಕ್ಟಿವೇಟ್ ಮಾಡಲು ಬಿಡುತ್ತದೆ. ನಡುವೆ ಒಮ್ಮೆ ತೆರೆದರೆ ಮತ್ತೆ ಮುಚ್ಚಲು ಕಾಯಬೇಕು. ಎಕ್ಸ್ ಮತ್ತು ಸ್ನ್ಯಾಪ್‌ಚಾಟ್‌ನಲ್ಲಿ ಎಚ್ಚರ ಬೇಕು. ಅಲ್ಲಿ ಡಿಆ್ಯಕ್ಟಿವೇಟ್ ಎಂದರೆ ಅಳಿಸುವುದರ ಮೊದಲ ಹೆಜ್ಜೆ, ಸಾಮಾನ್ಯವಾಗಿ 30 ದಿನ ಮರಳದಿದ್ದರೆ ಖಾತೆ ಶಾಶ್ವತವಾಗಿ ಹೋಗುತ್ತದೆ. ಖಾತೆ ಬೇಕೆನ್ನುವವರು ಅಲ್ಲಿ ಡಿಆ್ಯಕ್ಟಿವೇಟ್ ಮಾಡದೆ ಲಾಗ್‌ಔಟ್ ಮಾತ್ರ ಆಗಿ.

ವಾಟ್ಸ್‌ಆ್ಯಪ್‌ನ ಕಥೆಯೇ ಬೇರೆ. ಖಾತೆ ಅಳಿಸಿದರೆ ಎಲ್ಲ ಗುಂಪುಗಳಿಂದಲೂ ಹೊರಬೀಳುತ್ತೀರಿ, ಚಾಟ್ ಇತಿಹಾಸವೂ ಹೋಗುತ್ತದೆ. ಸುಮ್ಮನೆ ಬಿಟ್ಟರೂ 120 ದಿನ ಸಂಪರ್ಕವಿಲ್ಲದ ಖಾತೆಯನ್ನು ಕಂಪನಿ ಸಾಮಾನ್ಯವಾಗಿ ಅಳಿಸುತ್ತದೆ. ಮಕ್ಕಳ ಶಾಲೆಯ ಸೂಚನೆ, ಅಪಾರ್ಟ್‌ಮೆಂಟಿನ ನೀರಿನ ವಿಚಾರ, ಊರಿನ ಅಪ್ಪ-ಅಮ್ಮನ ವಿಡಿಯೊ ಕಾಲ್ ಎಲ್ಲವೂ ಅದರಲ್ಲೇ ಇರುವಾಗ ಅದನ್ನು ಬಿಡಲು ಹೋಗದಿರುವುದೇ ಮೇಲು. ಅಗತ್ಯವಾದ ಎರಡು ಮೂರು ಗುಂಪು ಉಳಿಸಿ, ಮಿಕ್ಕವನ್ನು ಮ್ಯೂಟ್ ಮಾಡಿ ಆರ್ಕೈವ್‌ಗೆ ಸೇರಿಸಿ, ಸ್ಟೇಟಸ್ ನೋಡುವುದನ್ನು ಬಿಡಿ.

ಯೂಟ್ಯೂಬ್‌ಗೆ ಸರಳ ದಾರಿಯೊಂದಿದೆ. ‘ವಾಚ್ ಹಿಸ್ಟರಿ’ ಆಫ್ ಮಾಡಿ, ಹಳೆಯದನ್ನೂ ಅಳಿಸಿದರೆ ಮುಖಪುಟದಲ್ಲಿ ಶಿಫಾರಸುಗಳು ಬರುವುದು ನಿಲ್ಲುತ್ತದೆ. ಬೇಕಾದ್ದನ್ನು ಹುಡುಕಿ ನೋಡಬಹುದು, ಬೇಡದ್ದು ಮುಖಪುಟದಲ್ಲಿ ಕಣ್ಣಿಗೆ ಬೀಳುವುದಿಲ್ಲ.

ಖಾತೆಗಳನ್ನು ಮುಚ್ಚುವ ಮೊದಲು ಒಂದು ಸಂಜೆ ಸಿದ್ಧತೆಗೆಂದೇ ಇಡಿ. ‘ನಿಮ್ಮ ಮಾಹಿತಿ ಡೌನ್‌ಲೋಡ್ ಮಾಡಿ’ ಎಂಬ ಆಯ್ಕೆಯಿಂದ ಫೋಟೊಗಳ ಪ್ರತಿ ಇಳಿಸಿಕೊಳ್ಳಿ. ಕಡತ ಸಿದ್ಧವಾಗಲು ಹೊತ್ತು ಹಿಡಿಯಬಹುದು. ಹುಟ್ಟುಹಬ್ಬಗಳನ್ನು ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ, ಪಾಸ್‌ವರ್ಡ್ ಜೊತೆಗೆ ಬ್ಯಾಕಪ್ ಕೋಡ್‌ಗಳನ್ನೂ ಜೋಪಾನ ಮಾಡಿ. ಎಲ್ಲಕ್ಕಿಂತ ಮುಖ್ಯ, ಆಪ್ತರಿಗೆ ಹೇಳುವುದು. ಎಷ್ಟು ದಿನ ಇರುವುದಿಲ್ಲ, ಬೇಕಿದ್ದರೆ ಯಾವ ನಂಬರಿಗೆ ಕರೆ ಮಾಡಬೇಕು ಎಂದು ತಿಳಿಸಿದರೆ, ‘ಏನಾಯಿತು, ಮುನಿಸಾ?’ ಎಂಬ ಗಾಬರಿ ಇರುವುದಿಲ್ಲ. ಹೇಳದೆ ಮಾಯವಾಗುವುದು ನೋವು ಕೊಡುತ್ತದೆ, ಅದರಲ್ಲೂ ದೂರದೂರಿನಲ್ಲಿ ಒಂಟಿಯಾಗಿರುವ ಗೆಳೆಯರಿಗೆ.

ಬಿಟ್ಟರೆ ನಿಜಕ್ಕೂ ಪ್ರಯೋಜನವಿದೆಯೇ? 2018ರಲ್ಲಿ ಅಮೆರಿಕದ ಮಧ್ಯಂತರ ಚುನಾವಣೆಗೆ ಮುನ್ನ ಹಂಟ್ ಆಲ್ಕಾಟ್, ಮ್ಯಾಥ್ಯೂ ಜೆಂಟ್ಸ್‌ಕೋ ಮತ್ತು ಸಂಗಡಿಗ ಅರ್ಥಶಾಸ್ತ್ರಜ್ಞರು ಒಂದಷ್ಟು ಜನರಿಗೆ ಹಣ ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ಬಿಡಿಸಿದರು. ಸರಾಸರಿ ದಿನಕ್ಕೆ ಸುಮಾರು 60 ನಿಮಿಷ ಉಳಿಯಿತು, ನೆಮ್ಮದಿ ತುಸು ಹೆಚ್ಚಿತು, ಮರಳಿದ ಮೇಲೂ ಅವರು ಬಳಸಿದ್ದು ಮೊದಲಿಗಿಂತ ಕಡಿಮೆ. ಆದರೆ ಸುದ್ದಿಯ ತಿಳಿವಳಿಕೆಯೂ ಇಳಿಯಿತು. ಅದಕ್ಕೇ ರಜೆಯ ಜೊತೆಗೆ ಮನೆಗೊಂದು ದಿನಪತ್ರಿಕೆ ಹಾಕಿಸಿಕೊಳ್ಳಿ ಎನ್ನುತ್ತೇನೆ. ಉಳಿದ ಹೊತ್ತಿಗೆ ಬೇರೆ ಕೆಲಸ ಗೊತ್ತು ಮಾಡದಿದ್ದರೆ ಕೈ ಮತ್ತೆ ಫೋನಿಗೇ ಹೋಗುತ್ತದೆ, ಮೊದಲ ಕೆಲವು ದಿನವಂತೂ ಖಂಡಿತ. ವಾರದ ರಜೆ ಆ ಚಡಪಡಿಕೆಯಲ್ಲೇ ಮುಗಿಯಬಹುದು. ಒಂದು ತಿಂಗಳಾದರೂ ಇಟ್ಟುಕೊಳ್ಳಿ.

ಏನು ಮಾಡಿದರೂ ಬಿಡಲಾಗುತ್ತಿಲ್ಲ, ಓದು, ಉದ್ಯೋಗ, ಸಂಸಾರ ಹದಗೆಡುತ್ತಿದೆ ಎನಿಸಿದರೆ ಸಂಕೋಚಪಡದೆ ನೆರವು ಕೇಳಿ. ಬೆಂಗಳೂರಿನ ನಿಮ್ಹಾನ್ಸ್ ಇಂಥ ತೊಂದರೆಗೆಂದೇ 2014ರಲ್ಲಿ ‘ಶಟ್’ ಎಂಬ ಕ್ಲಿನಿಕ್ ಆರಂಭಿಸಿದೆ. ದೂರದ ಊರಿನವರು ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಕರೆ ಉಚಿತ.